ಗುರುವಾರದ ಬುತ್ತಿ

ಬಿಸಿ ರೊಟ್ಟಿಯನ್ನು ಒದ್ದೆ ಅರಿವೆಯಲ್ಲಿ ಸುತ್ತಿದಾಗ ಒಂದು ವಾಸನೆ ಏಳುತ್ತದೆ. ಜೋಳದ್ದು, ಹಸಿ ಬಟ್ಟೆಯದು, ನಡುವೆ ಬೆಳ್ಳುಳ್ಳಿ ಚಟ್ನಿಯ ಘಾಟು. ಚಿಕ್ಕವಳಿದ್ದಾಗ ಬಿಜಾಪುರದ ನಮ್ಮ ಮನೆಯಲ್ಲಿ ಆ ವಾಸನೆ ಬಂತೆಂದರೆ ಇವತ್ತು ಎಲ್ಲಿಗೋ ಹೊರಟಿದ್ದೇವೆ ಎಂದೇ ಅರ್ಥ.

ಕಳೆದ ವರ್ಷ ಪುಣೆಯ ವಾಕಡದ ನನ್ನ ಮನೆಯಲ್ಲಿ ಅದು ಗುರುವಾರಕ್ಕೊಮ್ಮೆ ಏಳುತ್ತಿತ್ತು, ರೇಣುವಿನ ಸಲುವಾಗಿ. ರೇಣು ನನ್ನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗಿ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಅವಳು ಮೆಚ್ಚಿದ ಬಸವಲಿಂಗ ರಾಂಜಣಗಾಂವದ ಫ್ಯಾಕ್ಟರಿಯಲ್ಲಿದ್ದ. ಅವನ ಸೂಟಿ ಗುರುವಾರ. ಅದಕ್ಕೆಂದೇ ಇವಳು ತನ್ನ ರವಿವಾರ ಬಿಟ್ಟುಕೊಟ್ಟು ಗುರುವಾರ ಪಡೆದಿದ್ದಳು.

"ಆಯಿ, ಎಲ್ಲಿ ಹೋಗಬೇಕ್ರಿ? ಮಾಲ್‌ನ್ಯಾಗ ಕುಂತ್ರ ಬರೇ ಕಾಫಿಗೇ ಪಗಾರ ಮುಗೀತದ," ಎಂದಳು ಒಮ್ಮೆ.

"ನಾವು ಹೊಸದಾಗಿ ಪುಣೆಕ್ಕ ಬಂದಾಗ ನಮ್ಮವರೇನು ಸಾಹುಕಾರ ಇದ್ರೇನು?" ಅಂದೆ. "ಬಸ್ಸಿನ್ಯಾಗ ಕಿಡಕಿ ಹತ್ರ ಕುಂತು ಮನಿ ಆರಿಸ್ತಿದ್ವಿ."

ಅದು ನನ್ನ ಗಂಡ ಕಟ್ಟಿದ ಆಟ. ದಾರಿಗುಂಟ ಕಾಣುವ ಮಹಡಿ ಮನೆಗಳ ಗ್ಯಾಲರಿಗಳಲ್ಲಿ ನಮ್ಮದೊಂದನ್ನು ಆರಿಸಬೇಕು, ಇಬ್ಬರೂ ಒಪ್ಪಬೇಕು. ನಾವು ಎಂದೂ ಒಪ್ಪಲಿಲ್ಲ. ಪರ್ವತಿ ಗುಡ್ಡ ಹತ್ತಿ ಬುತ್ತಿ ಬಿಚ್ಚುವ ತನಕ ಜಗಳ ನಡೆಯುತ್ತಿತ್ತು.

ಹಾಗೆ ಇವರೂ ಶುರುಮಾಡಿದರು. ಒಂದು ವಾರ ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಗೆ, ಇನ್ನೊಂದು ವಾರ ಸಾರಸಬಾಗದ ಹುಲ್ಲಿನ ಮೇಲೆ. ಬುತ್ತಿ ನನ್ನದು. ಡಬ್ಬಿ ನನ್ನ ಗಂಡ ಅಂಗಡಿಗೆ ಒಯ್ಯುತ್ತಿದ್ದುದು. ನೆಗ್ಗಿದ ಅದರ ಮುಚ್ಚಳ ಎಂದೂ ಸರಿಯಾಗಿ ಕೂರುತ್ತಿರಲಿಲ್ಲ. ಉಳಿದ ರೊಟ್ಟಿ ಸಮೇತ ಬಸವಲಿಂಗ ಅದನ್ನು ರೂಮಿಗೆ ಒಯ್ದು ಮುಂದಿನ ವಾರ ತರುತ್ತಿದ್ದ. ಡಬ್ಬಿ ಅವನ ಹತ್ತಿರವಿದ್ದ ವಾರ ಬುತ್ತಿ ಬರೀ ಅರಿವೆಯಲ್ಲಿ ಹೋಗುತ್ತಿತ್ತು. ನಮ್ಮ ಕಡೆ ಯಾರ ಪಾತ್ರೆಯನ್ನೂ ಬರಿದಾಗಿ ತಿರುಗಿಸುವುದಿಲ್ಲ, ಚಿಟಿಕೆ ಸಕ್ಕರೆಯಾದರೂ ಇರಬೇಕು. ಆ ಹುಡುಗ ಅದನ್ನು ಮರೆತವನಲ್ಲ. ಪೇರಲ ಹಣ್ಣು, ಗಣಪತಿ ಗುಡಿಯ ಪ್ರಸಾದ, ಒಮ್ಮೆ ಎರಡು ಹುಣಸೆಕಾಯಿ.

"ಹುಣಸೆಕಾಯಿ ಯಾಕೋ?" ಅಂತ ರೇಣು ಕೇಳಿದ್ದಳಂತೆ.

"ನಿನ್ನ ಮಾರಿ ಹುಳ್ಳಗಾಗೋದು ನೋಡಾಕ."

ಒಂದು ಗುರುವಾರ ಇಬ್ಬರೂ ಒಂದೇ ಗ್ಯಾಲರಿಗೆ ಬೊಟ್ಟು ಮಾಡಿದರು. ಹಸಿರು ಕಂಬಿ, ಒಣಗಲು ಹಾಕಿದ ಕೌದಿ, ಕೆಳಗೆ ಬೇವಿನ ಗಿಡ. ಅವತ್ತೇ ಬಸವಲಿಂಗ ಊರಿಗೆ ಹೋಗಿ ಅಪ್ಪನ ಹತ್ತಿರ ಮಾತಾಡುತ್ತೇನೆ ಎಂದ. ಅವನ ಅಕ್ಕನ ಮಗಳು ತೊಟ್ಟಿಲಲ್ಲಿದ್ದಾಗಲೇ ಇವನಿಗೆಂದು ಹಿರಿಯರು ಮಾತು ಆಡಿಬಿಟ್ಟಿದ್ದರು. ಅದನ್ನು ಬಿಡಿಸಿಕೊಂಡು ಬರಬೇಕಿತ್ತು.

"ಮುಂದಿನ ಗುರುವಾರ ಹೇಳ್ತೀನಿ ಅಂದಾನ್ರಿ," ಎಂದು ರೇಣು ಆ ವಾರವೆಲ್ಲ ನನಗೆ ಹೇಳಿದ್ದನ್ನೇ ಹೇಳಿದಳು.

ಆ ಗುರುವಾರ ಮಧ್ಯಾಹ್ನಕ್ಕೂ ಮೊದಲೇ ಅವಳು ತಿರುಗಿ ಬಂದಳು. ನಾನು ಅರಿವೆಯಲ್ಲಿ ಕಟ್ಟಿಕೊಟ್ಟ ಬುತ್ತಿ ಹಾಗೇ ಇತ್ತು. ಇನ್ನೊಂದು ಕೈಯಲ್ಲಿ ಡಬ್ಬಿ.

"ಸುಖೇಶ್ ಬಂದಿದ್ದ್ರಿ, ಅವನ ರೂಮಿನವ. ಡಬ್ಬಿ ಕೊಟ್ಟು ಬಾ ಅಂತ ಬಸವಲಿಂಗ ಅಂದಾನಂತ. ಮತ್ತೇನೂ ಅನಲಿಲ್ಲ. ನಾ ಬಸ್ ಹತ್ತೋ ತನಕ ಅಲ್ಲೇ ನಿಂತಿದ್ದ, ಪಾಪ."

ಅಡಿಗೆಮನೆಯಲ್ಲಿ ಕೂತು ತೆಗೆಯಲು ನೋಡಿದಳು. ಮುಚ್ಚಳ ಬರಲಿಲ್ಲ. ಎಂದೂ ಸಡಿಲವಿದ್ದದ್ದು ಈಗ ಬಿಗಿಯಾಗಿತ್ತು. ಉಗುರು ಸಿಕ್ಕಿಸಿ ಎಳೆದಳು.

ಒಳಗೆ ಏನೂ ಇರಲಿಲ್ಲ. ತಿಕ್ಕಿ ತೊಳೆದು, ನೀರಿನ ಹನಿಯೂ ಇಲ್ಲದಂತೆ ಒರೆಸಿದ್ದ.

ಬರಿದಾದ ಡಬ್ಬಿಯ ಅರ್ಥ ಇಬ್ಬರಿಗೂ ತಿಳಿಯಿತು. ರೇಣು ಮುಚ್ಚಳದ ಅಂಚಿನ ಮೇಲೆ ಬೆರಳಾಡಿಸಿದಳು.

"ನೆಗ್ಗಿದ್ದು ತಗದಾನ್ರಿ, ಆಯಿ. ಎಷ್ಟು ಸಣ್ಣಗೆ ಬಡದಾನ ನೋಡ್ರಿ, ಗುರ್ತಽ ಇಲ್ಲ. ಯಾಕ ತಗದಾನ? ಸುಮ್ಮ ಕೆಟ್ಟವ ಆಗಿದ್ರ ಆಗ್ತಿತ್ತಲ್ಲ," ಎಂದಳು.

ನಾನು ಅವಳ ಜಡೆಯ ಮೇಲೆ ಕೈಯಿಟ್ಟು ಕೂತೆ. ಡಬ್ಬಿಯನ್ನು ಅವಳೇ ತನ್ನ ಕೋಣೆಗೆ ಒಯ್ದಳು. ಆ ವಾರವೆಲ್ಲ ಅವಳ ಬಚ್ಚಲಿನ ನಳ ಬಹಳ ಹೊತ್ತು ಸುರಿಯುತ್ತಿತ್ತು. ನಾನು ಕೇಳಿಸದವಳಂತಿದ್ದೆ.

ಮುಂದಿನ ಗುರುವಾರ ಬೇಗ ಏಳುವ ಕಾರಣವಿರಲಿಲ್ಲ. ಮಲಗೇ ಇದ್ದೆ. ಆಗ ಆ ವಾಸನೆ ಬಂತು, ತುಸು ಸುಟ್ಟ ವಾಸನೆಯೊಂದಿಗೆ.

ರೇಣುವಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಎಷ್ಟೋ ಸಲ ಅದಕ್ಕೇ ಅವಳನ್ನು ಕಾಡಿಸಿದ್ದೆ. ಎದ್ದು ಅಡಿಗೆಮನೆಗೆ ಹೋದರೆ ಒಲೆಯ ಸುತ್ತ ಹಿಟ್ಟು ಚೆಲ್ಲಿತ್ತು, ಅವಳ ಮುಂಗೈ ಒಂದು ಕಡೆ ಕೆಂಪಾಗಿತ್ತು. ಅಂಗಡಿಗೆ ಹೊರಡುವ ಬಟ್ಟೆಯಲ್ಲಿದ್ದಳು. ಗುರುವಾರದ ಸೂಟಿ ಬಿಟ್ಟಿದ್ದಳೆಂದು ಕಾಣುತ್ತದೆ.

"ನಿಮ್ಮ ಡಬ್ಬಿ ನನ್ನ ಹತ್ರನಽ ಉಳದಿತ್ತ್ರಿ," ಎಂದು ಎರಡೂ ಕೈಯಿಂದ ಕೊಟ್ಟಳು. ತಳ ಬಿಸಿಯಾಗಿತ್ತು, ಭಾರವಾಗಿತ್ತು.