ಉಬ್ಬಸವೇನಾದರೂ ಇದೆಯಾ?

ಡಾಕ್ಟರ್ ಹರಿತಾ ಇಸಿಜಿ ಕಾಗದವನ್ನು ಪಕ್ಕಕ್ಕಿಟ್ಟು ಚೀಟಿ ಎಳೆದುಕೊಂಡರು.

"ಎದೆ ಬಡಿತ ಜೋರಿದೆ, ಬಿಪಿನೂ ಇದೆ. ಎರಡಕ್ಕೂ ಒಂದೇ ಮಾತ್ರೆ ಕೊಡ್ತೀನಿ, ಬೀಟಾ ಬ್ಲಾಕರ್ ಅಂತ. ಹೃದಯದ ಓಟ ನಿಧಾನ ಮಾಡುತ್ತೆ. ಉಬ್ಬಸ, ವೀಸಿಂಗ್ ಏನಾದ್ರೂ ಇದೆಯಾಮ್ಮಾ?"

ಲಕ್ಷ್ಮೀನರಸಮ್ಮ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಗಂಡ ಜಯರಾಮಪ್ಪ ನಕ್ಕ.

"ಇವಳಿಗೆ ಉಬ್ಬಸಾನಾ? ಸೊಪ್ಪಿನ ಹೊರೆ ಹೊತ್ಕೊಂಡು ನನಗಿಂತ ಮುಂದೆ ನಡೀತಾಳೆ ಮೇಡಂ. ಇವಳ ಮಾತಿಗೆ ಉಸಿರು ಕಟ್ಟೋದು ನಂಗೆ."

ಡಾಕ್ಟರೂ ನಕ್ಕರು. ಅವಳೂ ನಗಬೇಕಾಯಿತು.

ಇಪ್ಪತ್ತಾರು ವರ್ಷದ ಹಿಂದೆ, ಗಂಡಿನವರು ಶಿಡ್ಲಘಟ್ಟದ ಕಡೆಯಿಂದ ಚಿಂತಾಮಣಿಗೆ ಅವಳನ್ನು ನೋಡಲು ಬಂದ ದಿನ, ಅಮ್ಮ ಬೆಳಗ್ಗೆಯೇ ಮಾತ್ರೆ ನುಂಗಿಸಿ, ಒಲೆಯ ಹೊಗೆ ತಾಗದಂತೆ ಹಿಂದಿನ ಕೋಣೆಯಲ್ಲಿ ಕೂರಿಸಿದ್ದಳು. "ಉಬ್ಬಸದ ಹುಡುಗೀನ ಯಾರು ಮಾಡ್ಕೊತಾರೆ? ಬಾಯಿ ಬಿಡಬೇಡ ಕಣಮ್ಮ." ಬಿಡಲಿಲ್ಲ. ಪ್ರತಿ ಬೆಳೆ ಮುಗಿದು ರೇಷ್ಮೆ ಹುಳುಮನೆಗೆ ಬ್ಲೀಚಿಂಗ್ ಪುಡಿ ಎರಚುವಾಗ ಎದೆಯೊಳಗೆ ಸಿಳ್ಳೆ ಏಳುತ್ತಿತ್ತು. ಪುಡಿ ಮೂಗಿಗೆ ಹೋಯಿತೆಂದು ಹೇಳಿ ಕೊಟ್ಟಿಗೆಯ ಹಿಂದೆ ಹೋಗುತ್ತಿದ್ದಳು. ಸೆರಗಿನ ಮರೆಯಲ್ಲಿ ಉಬ್ಬಸದ ಔಷಧಿಯ ಪಂಪನ್ನು ಬಾಯಿಗಿಟ್ಟು ಎಳೆದುಕೊಂಡು, ಸಿಳ್ಳೆ ಅಡಗುವವರೆಗೂ ಗೋಡೆಗೆ ಕೈಯೂರಿ ಒಬ್ಬಳೇ ನಿಲ್ಲುತ್ತಿದ್ದಳು. ಆ ಪಂಪನ್ನು ಅಮ್ಮ ಅವರೆಕಾಯಿ ಚೀಲದ ತಳದಲ್ಲಿಟ್ಟು ತಂದುಕೊಡುತ್ತಿದ್ದಳು. ಅಮ್ಮ ತೀರಿಹೋಗಿ ಒಂದು ವರ್ಷವಾಯಿತು; ಕೊನೆಯ ಸಲ ತಂದುಕೊಟ್ಟ ಪಂಪೇ ಇನ್ನೂ ಕೈಚೀಲದ ತಳದಲ್ಲಿತ್ತು. ಈ ಉಸಿರಿನ ಸುದ್ದಿಯನ್ನು ಈಗ ಯಾರ ಹತ್ತಿರವೂ ಹೇಳುವಂತಿರಲಿಲ್ಲ.

ಡಾಕ್ಟರ್ ಬರೆಯತೊಡಗಿದ್ದರು.

"ಮೇಡಂ, ಉಬ್ಬಸ ಇದ್ದೋರು ಇದನ್ನ ನುಂಗಿದ್ರೆ ಏನಾಗುತ್ತೆ?" ಎಂದಳು ಅವಳು.

"ಉಸಿರಿನ ದಾರಿ ಬಿಗಿಯಬಹುದು. ಕೆಲವರಿಗೆ ಜೀವಕ್ಕೇ ಕುತ್ತು ಬರುತ್ತೆ. ಯಾಕಮ್ಮಾ?"

ಸುಮ್ಮನಿದ್ದು, ಮನೆಗೆ ಹೋಗಿ ಮಾತ್ರೆ ಎಸೆದರಾಯಿತು. ಆದರೆ ಉಸಿರಿನ ಜೊತೆಗೆ ಈ ಎದೆಬಡಿತವನ್ನೂ ಬಚ್ಚಿಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ನಂಗಿದೆ. ಚಿಕ್ಕಂದಿನಿಂದ."

ಜಯರಾಮಪ್ಪ ನೆಲ ನೋಡಿದ. ಡಾಕ್ಟರ್ ಆ ಚೀಟಿ ಹರಿದು ಬೇರೆ ಮಾತ್ರೆ ಬರೆದರು. ಮೇಲೆ ಕೆಂಪಕ್ಷರದಲ್ಲಿ 'ಅಸ್ತಮಾ ಇದೆ' ಎಂದು ಬರೆದು, ಯಾವ ಡಾಕ್ಟರ ಹತ್ತಿರ ಹೋದರೂ ತೋರಿಸಬೇಕು ಎಂದರು.

ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನವರೆಗೂ ಅವನು ಚೀಟಿಯನ್ನು ಜೇಬಿಗಿಟ್ಟುಕೊಂಡು ಮುಂದೆ ನಡೆದ. ಅವನೇನು ಅನ್ನುತ್ತಾನೋ ಎಂದು ಅವಳು ಕಾದಳು. ಬೈದರೆ ಏನು ಹೇಳಬೇಕು, ಅಮ್ಮನನ್ನು ಆಡಿಕೊಂಡರೆ ಏನು ಹೇಳಬೇಕು, ಎಲ್ಲಕ್ಕೂ ಅವಳ ಬಳಿ ಉತ್ತರವಿತ್ತು. ಇಷ್ಟು ದಿನ ಹೇಗೆ ತಡಕೊಂಡೆ ಎಂದು ಕೇಳಿದರೆ ಮಾತ್ರ ಅಳು ಬರಬಹುದೆಂದು ಹೆದರಿದ್ದಳು.

"ಭಾನುವಾರ ನಮ್ಮ ಶಿರೀಷಾನ ನೋಡೋಕೆ ಪೆರೇಸಂದ್ರದವರು ಬರ್ತಾರೆ," ಎಂದ ಅವನು. "ಅವರ ಕಿವಿಗೆ ಬೀಳಬಾರ್ದು. ತಾಯಿಗಿದ್ರೆ ಮಗಳಿಗೂ ಇದೆ ಅಂತಾರೆ. ಆ ಪಂಪು ಎಳ್ಕೊಳ್ಳೋದು ಕೊಟ್ಟಿಗೆ ಹಿಂದೇನೇ ಇರ್ಲಿ."

ಕೊಟ್ಟಿಗೆಯ ಮಾತನ್ನು ಅವಳು ಡಾಕ್ಟರ ಮುಂದೆಯೂ ಎತ್ತಿರಲಿಲ್ಲ.

"ನಿಮಗೆ ಗೊತ್ತಿತ್ತಾ?"

"ಒಂದೇ ಮನೇಲಿದ್ರೆ ಗೊತ್ತಾಗಲ್ವೇನೇ? ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ನಡೀತಿತ್ತಲ್ಲ."

"ಮತ್ತೆ ಡಾಕ್ಟ್ರ ಮುಂದೆ ನಕ್ರಲ್ಲ?"

"ಆ ಮಾತ್ರೆ ಹಂಗೆ ಅಂತ ನಂಗೇನು ಗೊತ್ತು?"

ಶಿಡ್ಲಘಟ್ಟದ ಬಸ್ಸು ಬಂತು. ಅವನ ಜೇಬಿನಿಂದ ಚೀಟಿ ಎಳೆದುಕೊಂಡು ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು. ಅವನು ಹಿಂದಿನಿಂದ ಹತ್ತಿದ. ಊರು ದಾಟಿ ರಸ್ತೆಯ ಧೂಳು ಕಿಟಕಿಯಿಂದ ನುಗ್ಗಿದಾಗ ಎದೆಯಲ್ಲಿ ಸಿಳ್ಳೆ ಶುರುವಾಯಿತು. ಅವಳು ಕೈಚೀಲದ ತಳದಿಂದ ಪಂಪು ತೆಗೆದು, ಸೆರಗಿನ ಮರೆಯಿಲ್ಲದೆ, ತುಂಬಿದ ಬಸ್ಸಿನಲ್ಲಿ ಎರಡು ಸಲ ಎಳೆದುಕೊಂಡಳು.

ಪಕ್ಕದ ಹೆಂಗಸು ಫೋನು ನೋಡುತ್ತಿದ್ದಳು. ಎದುರಿನವಳು ತೂಕಡಿಸುತ್ತಿದ್ದಳು. ಯಾರೂ ತಿರುಗಿ ನೋಡಲಿಲ್ಲ. ಇಷ್ಟೇನಾ ಎನಿಸಿತು ಅವಳಿಗೆ.