ತುದಿ ಹಿಡಿದವಳು

ಆ ಮನೆಯಲ್ಲಿ ಒಂದು "ಹೂಂ" ಕೇಳಿಸುವವರೆಗೆ ಕತ್ತರಿ ಬಾಯಿ ಬಿಡುತ್ತಿರಲಿಲ್ಲ.

ಪರದೆ ಹೊಲಿಯುವ ಮನೆ ಅದು. ಕೆಳಗೆ ಕೆಲಸ, ಮೇಲೆ ಸಂಸಾರ. ಬೀದಿ ಕಡೆಗೆ ದೊಡ್ಡ ಕಿಟಕಿ, ಅದರ ಕೆಳಗೆ ಸಾಲಾಗಿ ಐದು ಮಿಷನ್ನು, ನಡುವೆ ನಾಲ್ಕು ಆಳುದ್ದದ ಮೇಜು. ಮೇಜಿನ ತಲೆಯ ಕಡೆ ಕತ್ತರಿ ಹಿಡಿದು ದೊಡ್ಡವಳು ನಿಲ್ಲುತ್ತಿದ್ದಳು. ಇನ್ನೊಂದು ಕೊನೆಯಲ್ಲಿ ಬಟ್ಟೆಯ ತುದಿ ಹಿಡಿದು ಚಿಕ್ಕವಳು. ಇಬ್ಬರೂ ಓರಗಿತ್ತಿಯರು. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಮೂರು ವರ್ಷದ ಅಂತರದಲ್ಲಿ ಆ ಮನೆಗೆ ಬಂದವರು. ಅತ್ತೆ ಇಬ್ಬರನ್ನೂ ಕರೆಯುತ್ತಿದ್ದದ್ದೇ ದೊಡ್ಡವಳೇ, ಚಿಕ್ಕವಳೇ ಎಂದು. ಮಿಷನ್ನಿನ ಹುಡುಗಿಯರ ಬಾಯಲ್ಲಿ ಅದು ದೊಡ್ಡಕ್ಕ, ಚಿಕ್ಕಕ್ಕ ಆಗಿತ್ತು.

ಹೂಂ ಎನ್ನುವ ಕಟ್ಟಳೆ ಅತ್ತೆಯದೇ. ಈ ಕೆಲಸ ಶುರು ಮಾಡಿದವಳೂ ಅವಳೇ. "ಕತ್ತರಿ ಹಿಡಿದವಳಿಗೆ ಕತ್ತರಿ ಮೂಗಿನ ಮುಂದಿರೋ ಒಂದು ಗೇಣು ಕಾಣುತ್ತೆ. ತುದಿ ಹಿಡಿದವಳಿಗೆ ಇಡೀ ಬಟ್ಟೆ ಕಾಣುತ್ತೆ. ಅವಳು ಹೂಂ ಅನ್ನಬೇಕು, ಇವಳು ಕತ್ತರಿಸಬೇಕು" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದಳು. ತುದಿ ಹಿಡಿದವಳು ಸುಮ್ಮನಿದ್ದರೆ, ಬಿಚ್ಚಿ ಮತ್ತೆ ಹಾಸು ಎಂದರ್ಥ. ಯಾಕೆ ಏನು ಎಂಬ ವಾದವಿಲ್ಲ. ಹುಡುಗಿಯರ ಎದುರಿಗೆ ದೊಡ್ಡವಳ ತಪ್ಪನ್ನು ಎತ್ತಿ ಆಡಬೇಕಾಗಿಯೂ ಇಲ್ಲ. ಸುಮ್ಮನಿದ್ದರೆ ಸಾಕು.

ಇಪ್ಪತ್ತೊಂದು ವರ್ಷ ಹೀಗೇ ನಡೆದಿತ್ತು. ಒಮ್ಮೆ ದೊಡ್ಡವಳು ಬಾಣಂತನಕ್ಕೆ ತವರಿಗೆ ಹೋದಾಗ ಅತ್ತೆ ಚಿಕ್ಕವಳ ಕೈಗೆ ಕತ್ತರಿ ಕೊಡಲು ಬಂದಳು. ಚಿಕ್ಕವಳು ಕೈ ಹಿಂದಕ್ಕೆ ಎಳೆದುಕೊಂಡು, "ಎಲ್ಲರೂ ಪಲ್ಲಕ್ಕಿ ಏರಿದ್ರೆ ಹೊರೋರು ಯಾರು ಅತ್ತೆ?" ಎಂದು ನಕ್ಕಿದ್ದಳು. ಅದು ವಿನಯದ ಮಾತಲ್ಲ. ಕತ್ತರಿ ಹಿಡಿದರೆ ಅವಳ ಎದೆ ಡವಗುಟ್ಟುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ತುದಿ ಹಿಡಿದರೆ ಎಲ್ಲ ತಿಳಿ. ನೂಲು ಎಲ್ಲಿ ಓರೆಯಾಗಿದೆ, ಯಾವ ಪದರ ಬೆರಳಷ್ಟು ಜಾರಿದೆ ಎನ್ನುವುದು ಕೈಗೆ ತಾನಾಗಿ ಗೊತ್ತಾಗುತ್ತಿತ್ತು. ತನ್ನ ಜಾಗ ಯಾವುದೆಂದು ಗೊತ್ತಿರುವವರು ಲೋಕದಲ್ಲಿ ಕಡಿಮೆ. ಅವಳಿಗೆ ಗೊತ್ತಿತ್ತು, ಅದರ ಬಗ್ಗೆ ಒಳಗೊಳಗೇ ಸಣ್ಣ ಹೆಮ್ಮೆಯೂ ಇತ್ತು.

"ಚಿಕ್ಕಕ್ಕ ಮದುವೆಗೆ ಹೂಂ ಅನ್ನೋ ಮುಂಚೆ ಗಂಡನ್ನೂ ತಿರುಗಿಸಿ ಮುರುಗಿಸಿ ನೋಡಿರ್ತಾರೆ" ಎಂದು ರೇಡಿಯೋ ಚುಡಾಯಿಸುತ್ತಿದ್ದಳು. ಮೂಲೆಯ ಮಿಷನ್ನಿನವಳು ಅವಳು. ಬಾಯಿಗೆ ಬಿಡುವಿಲ್ಲದ್ದಕ್ಕೆ ಆ ಹೆಸರು.

"ನೋಡಿದ್ದೆ. ಅಂಚಲ್ಲಿ ಸ್ವಲ್ಪ ಸುಕ್ಕಿತ್ತು. ಇಸ್ತ್ರಿ ಹಾಕಿದ್ರೆ ಹೋಗುತ್ತೆ ಅಂತ ಒಪ್ಪಿದೆ" ಎನ್ನುತ್ತಿದ್ದಳು ಚಿಕ್ಕವಳು. "ಹೋಯ್ತಾ?" ಎಂದರೆ, "ಎಲ್ಲಿ ಹೋಗುತ್ತೆ, ಹಾಗೇ ಇದೆ."

ಅತ್ತೆಗೆ ಈಗ ಕಣ್ಣು ಕಾಣದು. ಮೇಜಿನ ಪಕ್ಕದ ಹಲಗೆ ಗೋಡೆಯ ಆಚೆ ಅವಳ ಮಂಚ. ಕತ್ತರಿಸುವ ಹೊತ್ತಿಗೆ ಮಿಷನ್ನುಗಳೆಲ್ಲ ನಿಲ್ಲಬೇಕು ಎಂಬುದೂ ಅವಳದೇ ನಿಯಮ. ಹೂಂ, ಆಮೇಲೆ ಕತ್ತರಿಯ ಕರಕರ. ಅದನ್ನು ಕೇಳುತ್ತಲೇ ಅವಳು ದಿನದ ಕೆಲಸ ಎಷ್ಟಾಯಿತೆಂದು ಲೆಕ್ಕ ಹಾಕುತ್ತಿದ್ದಳು.

ಆ ವರ್ಷ ಹೊಸ ಸಭಾಂಗಣವೊಂದರ ವೇದಿಕೆಗೆ ಪರದೆ ಹೊಲಿಯುವ ಕೆಲಸ ಬಂತು. ಕಡುಗೆಂಪು ಮಖಮಲ್ಲು, ಹನ್ನೆರಡು ಪಟ್ಟಿ, ಮೇಲೆ ಕಿರಿದಾಗಿ ಕೆಳಗೆ ಅಗಲವಾಗುವಂಥವು. ಮಖಮಲ್ಲಿಗೆ ಬೆಕ್ಕಿನ ಹಾಗೆ ಮೈತುಂಬ ಕೂದಲು. ಒಂದು ಕಡೆಗೆ ಸವರಿದರೆ ನುಣುಪು, ತಿರುಗಿಸಿ ಸವರಿದರೆ ಮುನಿಸು. ಕೂದಲು ಕೆಳಕ್ಕೆ ಮಲಗಿದ ಪಟ್ಟಿ ದೀಪದಡಿ ಒಂದು ಬಣ್ಣ, ಮೇಲಕ್ಕೆ ಮಲಗಿದ್ದು ಇನ್ನೊಂದು ಬಣ್ಣ. ಹಾಗಾಗಿ ಹತ್ತಿಬಟ್ಟೆಯನ್ನು ಮಡಿಸುವ ಹಾಗೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ಮಡಿಸುತ್ತ ಪದರ ಹಾಕುವಂತಿಲ್ಲ. ಪ್ರತಿ ಪದರವನ್ನೂ ತುಂಡು ಮಾಡಿ ಮತ್ತೆ ಮೊದಲ ಕಡೆಯಿಂದಲೇ ಹಾಸಬೇಕು. ಒಂದಕ್ಕೆ ಎರಡು ಹೊತ್ತು ಹಿಡಿಯುವ ಕೆಲಸ.

ಎಂಟು ಪಟ್ಟಿ ಹಾಗೇ ಆದವು. ಇನ್ನು ನಾಲ್ಕು ಉಳಿದಿದ್ದಾಗ ಪರದೆ ಕಟ್ಟುವ ದಿನ ಹತ್ತಿರ ಬಂದಿತ್ತು. ಹುಡುಗಿಯರು ಊಟಕ್ಕೆಂದು ಮಹಡಿಗೆ ಹೋಗಿದ್ದರು. ಚಿಕ್ಕವಳು ಅತ್ತೆಗೆ ಉಣ್ಣಿಸಿ, ತಟ್ಟೆ ತೊಳೆದಿಟ್ಟು ಬರುವಷ್ಟರಲ್ಲಿ ದೊಡ್ಡವಳು ಒಬ್ಬಳೇ ಮಖಮಲ್ಲಿನ ಥಾನನ್ನು ಹಿಂದೆ ಮುಂದೆ ಉರುಳಿಸಿ ನಾಲ್ಕು ಪದರ ಹಾಸಿ ನಿಂತಿದ್ದಳು.

ಚಿಕ್ಕವಳು ತನ್ನ ಕೊನೆಗೆ ಹೋಗಿ ಪದರಗಳ ಅಂಚನ್ನು ಕೈಯ ಹಿಂಬದಿಯಿಂದ ಒಂದೊಂದಾಗಿ ಸವರಿದಳು. ಒಂದು ನುಣುಪು, ಒಂದು ಮುನಿಸು. ಒಂದು ನುಣುಪು, ಒಂದು ಮುನಿಸು. ಸುಮ್ಮನೆ ನಿಂತಳು.

"ಹೂಂ ಅನ್ನೇ" ಎಂದಳು ದೊಡ್ಡವಳು.

ಇವಳು ಅನ್ನಲಿಲ್ಲ.

"ನಾಳಿದ್ದು ಕಟ್ಟಬೇಕು ಕಣೇ. ಇದನ್ನ ಬಿಚ್ಚಿ ಹಾಸ್ತಾ ಕೂತ್ರೆ ಅವರು ವೇದಿಕೆಗೆ ಹಾಸಿಗೆ ಹೊದಿಕೆ ಕಟ್ಕೋಬೇಕಾಗುತ್ತೆ."

ಚಿಕ್ಕವಳು ಮೇಜಿನ ಉದ್ದಕ್ಕೂ ನಡೆದು ಹತ್ತಿರ ಬಂದಳು. ಸುತ್ತ ಯಾರೂ ಇರಲಿಲ್ಲ. ಆದರೂ ಅಭ್ಯಾಸಬಲದಿಂದ ದನಿ ತಗ್ಗಿಸಿದಳು. "ಅಕ್ಕ, ಕೂದಲು ಉಲ್ಟಾ ಬಂದಿದೆ. ಎರಡು ಪದರ."

"ಗೊತ್ತು. ಅಷ್ಟೆತ್ತರಕ್ಕೆ ಏಣಿ ಹಾಕ್ಕೊಂಡು ಯಾರು ಹೋಗಿ ಸವರ್ತಾರೆ?" ಎನ್ನುತ್ತಲೇ ದೊಡ್ಡವಳು ಕತ್ತರಿ ಆಡಿಸಿದಳು.

ಇಪ್ಪತ್ತೊಂದು ವರ್ಷದಲ್ಲಿ ಅದೇ ಮೊದಲು. ಹಲಗೆಯ ಆಚೆ ಮಂಚ ಕಿರುಗುಟ್ಟಿದ್ದು ಚಿಕ್ಕವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಸಂಜೆ ಮತ್ತೊಮ್ಮೆ ಹೇಳಿ ನೋಡಿದಳು. "ಆಯ್ತಲ್ಲ, ಬಿಡು" ಎಂದಳು ದೊಡ್ಡವಳು. ಪಟ್ಟಿಗಳು ಒಂದೊಂದಾಗಿ ಮಿಷನ್ನಿನ ಕೆಳಗೆ ಹೋದವು. ಬಿಡಿಬಿಡಿಯಾಗಿ ನೋಡಿದರೆ ಯಾರಿಗೂ ಏನೂ ತಿಳಿಯುವಂತಿರಲಿಲ್ಲ.

ಸಭಾಂಗಣದಲ್ಲಿ ಪರದೆ ಕಟ್ಟಿ ಮುಗಿದ ಮೇಲೆ ದೀಪದವನು ಒಂದೊಂದಾಗಿ ಗುಂಡಿ ಒತ್ತಿದ. ವೇದಿಕೆಯ ನಟ್ಟನಡುವೆ, ಭಾಷಣ ಮಾಡುವವರು ನಿಲ್ಲುವಲ್ಲೇ, ಎರಡು ಪಟ್ಟಿ ಬೇರೆಯಾಗಿ ಎದ್ದು ಕಂಡವು. ದೀಪದಲ್ಲಿ ಉಳಿದದ್ದು ತಿಳಿಗೆಂಪು, ಅವೆರಡು ಮಾತ್ರ ಒಣಗಿದ ರಕ್ತದ ಹಾಗೆ ಕಪ್ಪು ಕಪ್ಪು. ಹುಡುಗಿಯರ ಜೊತೆ ನೆರವಿಗೆಂದು ಬಂದಿದ್ದ ರೇಡಿಯೋ ಕೂಡ ಬಾಯಿ ಮುಚ್ಚಿಕೊಂಡಳು.

ಸಭಾಂಗಣದ ಮ್ಯಾನೇಜರು ಕೂಗಾಡುವ ಮನುಷ್ಯನಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. "ನಿಮ್ಮ ಹೆಸರು ಕೇಳಿ ಕೊಟ್ಟ ಕೆಲಸ ಇದು. ಹೇಗಾಯ್ತು ಹೀಗೆ?" ಎಂದ.

ಚಿಕ್ಕವಳ ಬಾಯಲ್ಲಿ ಮಾತು ತಯಾರಿತ್ತು. ನಮ್ಮಿಂದ ತಪ್ಪಾಯ್ತು ಸಾರ್, ವಾರದೊಳಗೆ ಸರಿ ಮಾಡಿ ಕೊಡ್ತೀವಿ. 'ನಮ್ಮಿಂದ' ಎನ್ನಬೇಕೆಂದು ದೀಪ ಹತ್ತಿದ ಕ್ಷಣದಲ್ಲೇ ತೀರ್ಮಾನಿಸಿದ್ದಳು. ದೊಡ್ಡವಳನ್ನು ಒಂಟಿಯಾಗಿ ನಿಲ್ಲಲು ಬಿಡಬಾರದು ಎನ್ನುವುದೊಂದೇ ಆಗ ಅವಳ ತಲೆಯಲ್ಲಿದ್ದದ್ದು. ಒಂದು ಹೆಜ್ಜೆ ಮುಂದೆಯೂ ಬಂದಳು.

ಅಷ್ಟರಲ್ಲಿ ದೊಡ್ಡವಳು ಹೇಳಿದಳು: "ನಮ್ಮಲ್ಲಿ ಒಂದು ಪದ್ಧತಿ ಇದೆ ಸಾರ್. ಇವಳು ಬಟ್ಟೆ ನೋಡಿ ಹೂಂ ಅನ್ನದೆ ನಾನು ಕತ್ತರಿ ಮುಟ್ಟಲ್ಲ. ಹೂಂ ಅಂದಳು. ನಾನು ನಂಬಿದೆ."

ಮುಂದೆ ಇಟ್ಟ ಹೆಜ್ಜೆಯನ್ನು ಏನು ಮಾಡಬೇಕೆಂದು ಚಿಕ್ಕವಳಿಗೆ ತಿಳಿಯಲಿಲ್ಲ. ಮ್ಯಾನೇಜರು ಅವಳ ಕಡೆ ನೋಡಿದ. ಕೂತಾಗ ಮುರಿದ ಕುರ್ಚಿಯ ಕಾಲನ್ನು ನೋಡುವ ಹಾಗೆ. ಹುಡುಗಿಯರೂ ನೋಡಿದರು. ದೊಡ್ಡವಳೊಬ್ಬಳೇ ನೋಡಲಿಲ್ಲ. ಅವಳು ಪರದೆಯನ್ನೇ ನೋಡುತ್ತಿದ್ದಳು.

ಬರುವಾಗ ವ್ಯಾನಿನ ಹಿಂದುಗಡೆ, ಬಿಚ್ಚಿ ತಂದ ಎರಡು ಪಟ್ಟಿಗಳ ಮೇಲೆ ಚಿಕ್ಕವಳು ಕೂತಿದ್ದಳು. ವ್ಯಾನು ಓಡಿಸುತ್ತಿದ್ದ ಗಂಡ ಇಳಿಯುವಾಗ ಮೆಲ್ಲಗೆ, "ಬಿಡೇ, ಒಂದು ಮಾತು ತಾನೆ. ಮೈಮೇಲೆ ಬರೆ ಏನಾದ್ರೂ ಬಿತ್ತಾ?" ಎಂದ. ಸುಕ್ಕು ಇಸ್ತ್ರಿಗೆ ಹೋಗುವಂಥದ್ದಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು.

ಅವಳ ಭರವಸೆಯೆಲ್ಲ ಅತ್ತೆಯ ಮೇಲಿತ್ತು. ಕೇಳುವ ಕಷ್ಟವೂ ಅವಳಿಗೆ ಬರಲಿಲ್ಲ. ಸಂಜೆ ಎಲ್ಲರೂ ಅತ್ತೆಯ ಬಾಗಿಲಲ್ಲಿ ಸೇರಿದ್ದಾಗ ರೇಡಿಯೋನೇ ಬಾಯಿ ಬಿಟ್ಟಳು. "ಅಜ್ಜಿ, ನಿಮಗೆ ಇಲ್ಲಿಗೆ ಎಲ್ಲ ಕೇಳುತ್ತಲ್ಲ. ಅವತ್ತು ಊಟದ ಹೊತ್ತಲ್ಲಿ ಚಿಕ್ಕಕ್ಕ ಹೂಂ ಅಂದ್ರಾ?"

ಅತ್ತೆ ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತಿದಳು, ಬಿಚ್ಚಿದಳು.

"ಅಂದಳು" ಎಂದಳು. "ಕೇಳಿಸ್ತು."

ಎಲ್ಲರೂ ಹೋದ ಮೇಲೆ ಚಿಕ್ಕವಳು ಬಾಗಿಲು ಮುಂದೆ ಮಾಡಿ ಮಂಚದ ಅಂಚಿನಲ್ಲಿ ಕೂತಳು. "ಯಾಕತ್ತೆ?"

"ಕತ್ತರಿ ಹೆಸರು ಕೆಟ್ರೆ ಅಂಗಡಿ ಮುಚ್ಚುತ್ತೆ ಕಣಮ್ಮ. ನಾಳೆ ಈ ಹುಡುಗೀರೇ ಅವಳ ಮಾತು ಕೇಳಲ್ಲ. ತುದಿ ಹೆಸರು ಕೆಟ್ರೆ ಏನಾಗುತ್ತೆ? ನಾಲ್ಕು ದಿನ ಆಡ್ಕೋತಾರೆ." ಮುದುಕಿಯ ಕೈ ತಡಕಾಡಿ ಇವಳ ಮೊಣಕಾಲು ಹುಡುಕಿಕೊಂಡಿತು. "ನೀನು ಹೊಟ್ಟೆಗೆ ಹಾಕ್ಕೋತೀಯ. ಆ ಗುಣ ಇದೆ ಅಂತ ಅಲ್ವಾ, ನಿನ್ನನ್ನ ಆ ಕೊನೇಲಿ ನಿಲ್ಲಿಸಿದ್ದು?"

ಚಿಕ್ಕವಳು ತನ್ನ ಕಣ್ಣು ನೋಡಿ, ಕೈ ನೋಡಿ ಆ ಜಾಗ ಕೊಟ್ಟರು ಎಂದುಕೊಂಡು ಇಪ್ಪತ್ತೊಂದು ವರ್ಷ ಬಾಳಿದ್ದಳು. ಇವರು ನೋಡಿದ್ದು ಹೊಟ್ಟೆಯನ್ನು. ಎಷ್ಟು ಹಾಕಿದರೂ ಹಿಡಿಯುವ ಚೀಲ ಎಂದು. ದೊಡ್ಡವಳು ಹೆದರಿಕೆಯಲ್ಲಿ ಆಡಿದ ಮಾತಿಗಿಂತ, ಅತ್ತೆ ಪ್ರೀತಿಯಲ್ಲಿ ಆಡಿದ ಈ ಮಾತು ಹೆಚ್ಚು ಆಳಕ್ಕೆ ಇಳಿಯಿತು.

ಮಾರನೆಯ ದಿನದಿಂದ ಹುಡುಗಿಯರು ಹೊಲಿಗೆ ತೋರಿಸಲು ಅವಳ ಬಳಿ ಬರುವುದನ್ನು ಬಿಟ್ಟರು. ಯಾರೂ ಏನೂ ಅನ್ನಲಿಲ್ಲ. ಅವಳು ಅಳೆದು ಗುರುತು ಹಾಕಿದ್ದನ್ನು ಇನ್ನೊಬ್ಬಳು ಮತ್ತೆ ಅಳೆಯುತ್ತಿದ್ದಳು, ಅಷ್ಟೆ. ರೇಡಿಯೋ ತಮಾಷೆ ಮಾಡುತ್ತಿರಲಿಲ್ಲ. ಅದು ಎಲ್ಲಕ್ಕಿಂತ ಕಷ್ಟವಾಗಿತ್ತು. ಇನ್ನು ತನ್ನ ಹೂಂಗೆ ಬೆಲೆ ಇಲ್ಲದಿದ್ದರೆ ಈ ಮೇಜಿನ ಕೊನೆಯಲ್ಲಿ ತಾನು ಒಂದು ಗೂಟ, ಬಟ್ಟೆ ಸಿಕ್ಕಿಸುವ ಗೂಟ, ಎಂದುಕೊಂಡಳು.

ವಾರದೊಳಗೆ ಎರಡು ಪಟ್ಟಿಗೆ ಹೊಸ ಥಾನು ಬಂತು. ಈ ಸಲ ದೊಡ್ಡವಳು ಅವಸರ ಮಾಡಲಿಲ್ಲ. ಒಂದು ಪದರ ಹಾಸಿ, ತುಂಡರಿಸಿ, ಮೊದಲ ಕಡೆಯಿಂದಲೇ ಇನ್ನೊಂದನ್ನು ಹಾಸಿದಳು. ಮೇಲೆ ನಮೂನೆಯ ಕಾಗದ ಇಟ್ಟು ಸೀಮೆಸುಣ್ಣದ ಗೆರೆ ಎಳೆದಳು. ಮಿಷನ್ನುಗಳು ನಿಂತವು. ಹುಡುಗಿಯರೆಲ್ಲ ತಿರುಗಿ ಕೂತು ನೋಡುತ್ತಿದ್ದರು.

ಚಿಕ್ಕವಳು ತುದಿ ಸವರಿದಳು. ಎರಡೂ ಪದರ ಒಂದೇ ದಿಕ್ಕು. ಸರಿ. ಆದರೆ ಕೂದಲು ಮಲಗಿದ್ದದ್ದು ಗೆರೆಯ ಕಿರಿದಾದ ಕಡೆಗೆ. ಸಭಾಂಗಣದಲ್ಲಿ ತೂಗುತ್ತಿರುವ ಹತ್ತು ಪಟ್ಟಿಗಳಲ್ಲಿ ಅದು ಅಗಲದ ಕಡೆಗೆ, ಕೆಳಕ್ಕೆ. ಇವೆರಡೂ ಒಂದಕ್ಕೊಂದು ಹೊಂದುತ್ತಿದ್ದವು, ಆ ಹತ್ತಕ್ಕೆ ಹೊಂದುತ್ತಿರಲಿಲ್ಲ. ಕತ್ತರಿಸಿದರೆ ಮತ್ತೆ ಅದೇ ಕಪ್ಪು ಪಟ್ಟೆ, ಅದೇ ಜಾಗದಲ್ಲಿ.

ಅವಳು ಸುಮ್ಮನಿದ್ದಳು.

ದೊಡ್ಡವಳು ಕಾದಳು. "ಹುಡುಗೀರ ಮುಂದೆ ಸೇಡು ತೀರಿಸ್ಕೋಬೇಡ" ಎಂದಳು ಹಲ್ಲುಕಚ್ಚಿ.

ಇಪ್ಪತ್ತೊಂದು ವರ್ಷ ಬಟ್ಟೆಯ ಮಾತಾಗಿದ್ದ ತನ್ನ ಮೌನ ಈಗ ಮುನಿಸಾಗಿ ಕಾಣುತ್ತಿದೆ. ಚಿಕ್ಕವಳಿಗೆ ಅದು ಆಗಷ್ಟೇ ಗೊತ್ತಾಗಿದ್ದು. ಅಷ್ಟರಲ್ಲಿ ಹಲಗೆಯ ಆಚೆಯಿಂದ ಮುದಿ ದನಿ ಬಂತು.

"ಹೂಂ."

ಬಟ್ಟೆಯನ್ನು ನೋಡದ, ಮುಟ್ಟದ ಹೂಂ. ದೊಡ್ಡವಳು ಉಸಿರು ಬಿಟ್ಟು ಕತ್ತರಿ ತೆರೆದಳು. ಕತ್ತರಿ ಒಂದು ಬೆರಳಷ್ಟು ಒಳಗೆ ಹೋಗಿತ್ತು. ಚಿಕ್ಕವಳು ಮೇಜಿನುದ್ದಕ್ಕೂ ನಡೆದು ಬಂದು ಅದರ ಬಾಯಿಯ ಮುಂದೆ ಅಂಗೈ ಅಗಲಿಸಿ ಇಟ್ಟಳು.

"ಸಿಟ್ಟಿಗೆ ಸುಮ್ಮನಿಲ್ಲ ನಾನು" ಎಂದಳು. ಈ ಸಲ ದನಿ ತಗ್ಗಿಸಲಿಲ್ಲ. "ಬಟ್ಟೆಗೆ ಸುಮ್ಮನಿದ್ದೀನಿ. ಅವತ್ತೂ ಅಷ್ಟೇ. ಕೂದಲು ಮೇಲಕ್ಕಿದೆ, ಸವರಿ ನೋಡಿ."

ದೊಡ್ಡವಳು ಕತ್ತರಿ ಕೆಳಗಿಟ್ಟು ಸವರಿದಳು. ಕಿರಿದಾದ ಕಡೆಯಿಂದ ಅಗಲದ ಕಡೆಗೆ, ನಿಧಾನವಾಗಿ. ಕೈ ನಡುವೆ ನಿಂತಿತು. ರೇಡಿಯೋ ಎದ್ದು ಬಂದು, ಯಾರನ್ನೂ ಕೇಳದೆ, ತಾನೂ ಸವರಿ ನೋಡಿದಳು. ಆಮೇಲೆ ಚಿಕ್ಕವಳ ಮುಖ ನೋಡಿದಳು.

ಕಾಗದವನ್ನು ತಿರುಗಿಸಿ ಇಟ್ಟರು. ಗೆರೆ ಮತ್ತೆ ಎಳೆದರು. ಬೆರಳಷ್ಟು ಕತ್ತರಿಸಿದ್ದು ಗೆರೆಯ ಹೊರಗೆ ಉಳಿಯಿತು, ಪುಣ್ಯ. ಚಿಕ್ಕವಳು ತನ್ನ ಕೊನೆಗೆ ಹೋಗಿ ತುದಿ ಹಿಡಿದಳು, ಸವರಿದಳು, ಹೂಂ ಎಂದಳು. ಬಟ್ಟೆ ಅವಳಿಗೇನೂ ಅನ್ಯಾಯ ಮಾಡಿರಲಿಲ್ಲ. ಕತ್ತರಿ ಕರಕರ ಎನ್ನುತ್ತ ಮೇಜಿನುದ್ದಕ್ಕೂ ಅವಳ ಕಡೆ ನಡೆದು ಬಂತು. ಕೊನೆ ಮುಟ್ಟಿದಾಗ ದೊಡ್ಡವಳು ತಲೆ ಎತ್ತದೆ, "ನೀನು ಇಲ್ದಿದ್ರೆ" ಎಂದು ಶುರು ಮಾಡಿ ನಿಲ್ಲಿಸಿದಳು. ಮುಂದಿನ ಮಾತಿಗೆ ಹುಡುಗಿಯರೂ ಕಾದರು. ಅದು ಬರಲಿಲ್ಲ. ಮಿಷನ್ನುಗಳು ಶುರುವಾದವು.

ಅತ್ತೆಗೆ ಮಧ್ಯಾಹ್ನದ ಊಟ ಕೊಡುವ ಹೊತ್ತಾಗಿತ್ತು. ಚಿಕ್ಕವಳು ತಟ್ಟೆ ತಂದಳು, ದಿಂಬು ಎತ್ತಿ ಕೂರಿಸಿದಳು, ತುತ್ತು ಕೊಟ್ಟಳು. ಬಾಯಿ ಒರೆಸಿ, ಹೊದಿಕೆ ಸರಿಮಾಡಿದಳು. ಎಲ್ಲ ಎಂದಿನ ಹಾಗೆ.

"ಚಿಕ್ಕವಳೇ" ಎಂದಳು ಮುದುಕಿ. "ನಾನು ಮಾಡಿದ್ದೆಲ್ಲ ಈ ಮನೆಗೋಸ್ಕರ. ನಿನಗೆ ಅರ್ಥ ಆಗುತ್ತೆ, ಅಲ್ವಾ?"

ಹಲಗೆಯ ಆಚೆ ಮಿಷನ್ನುಗಳು ಓಡುತ್ತಿದ್ದವು. ಮುದುಕಿ ಕಾಣದ ಕಣ್ಣನ್ನು ಅಗಲಿಸಿ, ಕಿವಿಯನ್ನು ಅವಳ ಕಡೆ ತಿರುಗಿಸಿ ಕಾದಳು. ಒಂದು ಹೂಂಗೆ. ಇಷ್ಟು ವರ್ಷ ಕೇಳಿದ ಕೂಡಲೇ ಸಿಗುತ್ತಿದ್ದ ಹೂಂ ಅದು.

ಚಿಕ್ಕವಳು ತಟ್ಟೆ ಎತ್ತಿಕೊಂಡಳು. ಬಾಗಿಲ ತನಕ ಹೋದಳು.

"ಏನಾದ್ರೂ ಅನ್ನೇ" ಎಂದಳು ಅತ್ತೆ ಹಿಂದಿನಿಂದ.

ಅವಳು ಸುಮ್ಮನೆ ನಿಂತಳು. ಹಾಗೆ ನಿಂತರೆ ಏನರ್ಥವೆಂದು ಅವಳಿಗೆ ಕಲಿಸಿದವಳೇ ಆ ಮಂಚದ ಮೇಲಿದ್ದಳು.