ಭಾನುವಾರದ ಹಳದಿ ಚೌಕ

ಟಿಣ್ ಅಂತ ಸಣ್ಣ ಸದ್ದು, ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಹಳದಿ ಚೌಕವೊಂದು ಎದ್ದು ನಿಂತಿದೆ — ಈ ಸದ್ದು ಗೊತ್ತಲ್ಲ, ಪ್ರತಿ ಭಾನುವಾರ ಫೋನಿನಲ್ಲಿ ಅಣ್ಣನ ದನಿಯ ಹಿಂದೆ ಕೇಳುವುದು ಇದೇ, ಪಕ್ಕದ ಅಂಗಡಿಯ ಗಂಟೆಯೋ ಏನೋ ಅಂದುಕೊಂಡಿದ್ದಳು ಶಿಲ್ಪಾರಾಣಿ, ಕುಂದ್ರು ತಂಗಿ, ಚಾ ತರ್ತೀನಿ ಅಂತ ಅಣ್ಣ ಕ್ರಾಂತಿಕುಮಾರ ಈಗಷ್ಟೇ ಅರ್ಜಿ ತುಂಬಿಕೊಡುವ ತನ್ನ ಆನ್‌ಲೈನ್ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ ಹೋದ, ಜಹೀರಾಬಾದಿನ ಬಿಸಿಲು ಶಟರಿನ ತನಕ ಬಂದಿದೆ, ಚೌಕವೆಂದರೆ ಅಣ್ಣ ತನಗೆ ತಾನೇ ಬರೆದಿಟ್ಟುಕೊಂಡ ನೆನಪಿನ ಚೀಟಿ, ಅದರಲ್ಲಿ ಅವಳದೇ ಹೆಸರು. ಶಿಲ್ಪಾಗೆ ಫೋನ್. ಮೊಣಕಾಲು ಕೇಳು. ಮಗಳು ಪ್ರಣೀತಾ ಓದು ಕೇಳು. ನಕ್ಕು ಮಾತಾಡು.

ನಕ್ಕು ಮಾತಾಡು! ಅಂದರೆ ಆ ನಗು — ತಾಂಡೂರಿನ ತನ್ನ ಅಡುಗೆಮನೆಯಲ್ಲಿ ರೊಟ್ಟಿ ಕರಕಾದರೂ ಫೋನ್ ಇಡದೆ ಕೇಳುತ್ತಿದ್ದಳಲ್ಲ, ಥೇಟ್ ಅಪ್ಪನ ನಗು, ಅಪ್ಪ ಪೋಚಪ್ಪ ಹೋದ ಮೇಲೆ ತವರಿನಿಂದ ಬರುತ್ತಿದ್ದುದು ಅದೊಂದೇ, ಪಕ್ಕದ ಮನೆ ಕೌಶಲ್ಯಾಳ ಎದುರು ಎಷ್ಟು ಮೆರೆದಳು, ನಮ್ಮಣ್ಣಗ ವಾರಕ್ಕೊಮ್ಮಿ ನನ್ ದನಿ ಕೇಳ್ಲಿಲ್ಲಂದ್ರ ಸಮಾಧಾನಿಲ್ರಿ ಅಕ್ಕಾ — ಥೂ, ಈ ಬಾಯಿಗೆ ಮಣ್ಣು ಬೀಳಲಿ. ಬೆರಳು ತಾನಾಗಿಯೇ ಮೌಸ್ ಒತ್ತಿತು, ಚೌಕ ಅಗಲವಾಯಿತು, ನೆನಪಿಸಬೇಕಾದ್ದು ಪ್ರತಿ ಭಾನುವಾರ, ಶುರು ಅಪ್ಪ ಮಣ್ಣಾದ ವಾರ, ಕೊನೆ ಇವತ್ತು. ಇವತ್ತೇ ಯಾಕೆ, ನಾಳೆಯಿಂದ ಮೊಣಕಾಲು ನೋಯುವುದಿಲ್ಲವೇನು — ನಾಳೆ ನಾರಾಯಣಖೇಡದ ನೋಂದಣಿ ಕಚೇರಿ, ನಾಳೆ ನಾಗಲಗಿದ್ದದ ಅಪ್ಪನ ಹೊಲದಲ್ಲಿ ತನ್ನ ಪಾಲು ಅಣ್ಣನಿಗೆ ಬರೆದುಕೊಟ್ಟು ಸಹಿ, ಹೊಲ ಯಾರ ಹೆಸರಿನ ಮ್ಯಾಲ ಇದ್ರೇನು, ತವರಂದ್ರ ನಾನೇ ಅಲ್ಲೇನು ತಂಗಿ ಅಂದಿದ್ದ, ಅಂದು ನಕ್ಕಿದ್ದ, ಹಿಂದೆ ಟಿಣ್ ಅಂದಿತ್ತು, ಕೇಳಿಯೂ ಕೇಳದೆ ಹೋದೆಯಲ್ಲ ಹುಚ್ಚಿ, ಹೂಂ ಅಂದುಬಿಟ್ಟೆ, ಸಹಿಗೆಂದು ಆಧಾರ್ ಕಾರ್ಡು, ಅವನಿಗೆಂದು ಶೇಂಗಾ ಹೋಳಿಗೆ, ಎರಡೂ ಒಂದೇ ಚೀಲದಲ್ಲಿ ತೊಡೆಯ ಮೇಲಿವೆ.

ಹೋಳಿಗೆ ಇನ್ನೂ ಬಿಚ್ಚಿಲ್ಲ, ಬಿಚ್ಚಬಾರದು, ಎದ್ದು ಹೋಗಬೇಕು, ತಾಂಡೂರಿನ ಬಸ್ಸು — ಚಪ್ಪಲಿ ಸದ್ದು, ಗಡಬಡಿಸಿ ಒತ್ತಿದಳು, ಚೌಕ ಕುಗ್ಗಿ ಮತ್ತೆ ಮೂಲೆಗೆ ಸರಿಯಿತು, ಬಂದೇಬಿಟ್ಟ, ಕೈಯಲ್ಲಿ ಎರಡು ಗ್ಲಾಸು, ತಗೋ ತಂಗಿ, ಬಿಸಿ ಅದ, ಮೊಣಕಾಲು ಹೆಂಗದ. ಅವಳು ಚೀಲವನ್ನು ಎದೆಗೆ ಒತ್ತಿಕೊಂಡಳು. ಪ್ರಣೀತಾ ಛಲೋ ಓದ್ಲಾತಾಳೇನು. ಚೌಕದಾಗಿನ ಎರಡು ಮಾತು ಆತು ಅಂದುಕೊಂಡಳು, ನಗೋದೊಂದು ಉಳಿದದ, ಬ್ಯಾಡಣ್ಣಾ, ಅದೊಂದು ಬ್ಯಾಡ, ಅದು ಅಪ್ಪಂದು — ಕ್ರಾಂತಿ ಅವಳ ಮುಖ ನೋಡಿದ, ನಕ್ಕ, ಥೇಟ್ ಅಪ್ಪನ ಹಾಗೆ, ಮೂಲೆಯಲ್ಲಿ ಹಳದಿ ಚೌಕ, ನಕ್ಕು ಮಾತಾಡು, ನಕ್ಕು —